ಬಸ್ಸಿನಲ್ಲಿ ಹೋದ ಶ್ರುತಿಕವೆ ಮತ್ತಿತರ ಪಾಠೋಪಕರಣಗಳು

ಭೌತಶಾಸ್ತ್ರ ಪಾಠ ಮಾಡೋರಿಗೆ ನಗೋಕೆ ಪುರುಸೊತ್ತೆಲ್ಲಿ ಅಂತ ನನ್ನ ಹೆಂಡತಿ ಕೇಳ್ತಾಳೆ. ಅವಳಿಗೇನು ಗೊತ್ತು, ನಗೋ ಪ್ರಸಂಗ ವಾರಕ್ಕೊಂದಾದರೂ ಆಗ್ತಾನೇ ಇರುತ್ತೆ. ನಾನು ಕುಂದಾಣದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸುತ್ತಲಿನ ಶಾಲೆಗಳ ನಮ್ಮಂಥವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡ್ಕೊಂಡಿದ್ದೀವಿ. ಯಾವ ಪಾಠಕ್ಕೆ ಯಾವ ಪ್ರಯೋಗ ಅಂತ ಹೇಳ್ಕೋತೀವಿ, ನಮ್ಮಲ್ಲಿಲ್ಲದ ಸಾಮಾನು ಇನ್ನೊಬ್ಬರಿಂದ ತರಿಸ್ಕೋತೀವಿ. ಗುಂಪು ಶುರು ಮಾಡಿದ್ದು ಮಧುರೆ ಕಡೆಯ ಶಾಲೆಯ ಒಬ್ಬ ಮೇಡಂ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೆ ಅವರಿಂದ ಕಲಿತಷ್ಟು ನಾನು ಬಿ.ಎಡ್.ನಲ್ಲೂ ಕಲಿಯಲಿಲ್ಲ.

ಶ್ರುತಿಕವೆ

ಮೇಡಂ ಶಾಲೆಯ ಶ್ರುತಿಕವೆ ಕಳೆದುಹೋಗಿತ್ತು. ಎರಡು ಕವಲಿನ ಉಕ್ಕಿನ ಕಡ್ಡಿ ಅದು. ಬಡಿದರೆ ಗುಂಯ್ ಅನ್ನುತ್ತೆ, ಶಬ್ದದ ಪಾಠಕ್ಕೆ ಬೇಕೇ ಬೇಕು. ನಮ್ಮಲ್ಲಿದ್ದದ್ದನ್ನು ಪೇಪರಲ್ಲಿ ಸುತ್ತಿ ಆ ಕಡೆ ಹೋಗೋ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. "ಏನ್ ಸಾರ್ ಇದು?" ಅಂದರು. "ಬಡಿದರೆ ಹಾಡುತ್ತೆ" ಅಂದೆ. ಅಷ್ಟು ಹೇಳಬಾರದಿತ್ತು.

ಮೇಡಂ ಬಸ್ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ಕಾದರಂತೆ. ಕೊನೆಗೆ ಬಸ್ಸು ಬಂತು. ಕಂಡಕ್ಟರ್ ಇಳಿದವರೇ ಹೇಳಿದರು, "ಮೇಡಂ, ಸುಮ್ನೆ ಬಡಿದ್ರೆ ನನ್ನೊಬ್ಬನಿಗೇ ಕೇಳಿಸ್ತಿತ್ತು. ಬುಡಾನ ಬಸ್ಸಿನ ಕಂಬಿಗೆ ಒತ್ತಿ ಹಿಡಿದೆ ನೋಡಿ, ಬಸ್ಸಿಗೆಲ್ಲ ಕೇಳಿಸ್ತು."

ಮೇಡಂಗೆ ಕಾದ ಬೇಸರವೆಲ್ಲ ಮರೆತುಹೋಯಿತು. "ನೀವೇ ಕಂಡುಹಿಡಿದ್ರಾ? ಕವೆ ಅದುರಿದರೆ ಮುಟ್ಟಿದ ಕಂಬೀನೂ ಅದುರುತ್ತೆ. ನಾಳೆ ಮಕ್ಕಳಿಗೆ ಬಾಗಿಲು, ಬೆಂಚು, ತಟ್ಟೆ ಎಲ್ಲಕ್ಕೂ ಒತ್ತಿ ನೋಡೋಕೆ ಹೇಳ್ತೀನಿ" ಅಂದರು. ಆಮೇಲೆ ನೆನಪಾಗಿ ಕೇಳಿದರು, "ಅದು ಸರಿ, ಬಸ್ಸು ಯಾಕೆ ಇಷ್ಟು ತಡ?"

"ಅದೇ ಮೇಡಂ, ಈ ಅದುರೋ ವಿಷಯ ಡ್ರೈವರ್‌ಗೆ ಗೊತ್ತಿರಲಿಲ್ಲ. ಮೂರು ಸಲ ಗಾಡಿ ನಿಲ್ಲಿಸಿ ಕೆಳಗೆ ಮಲಗಿ ನೋಡಿದ್ರು."

ರೆಸಿಸ್ಟೆನ್ಸ್

ರೆಸಿಸ್ಟೆನ್ಸ್ ಅಂದರೆ ಕರೆಂಟು ಸರಾಗವಾಗಿ ಹರಿಯದಂತೆ ತಡೆಯೋ ತಂತಿಸುರುಳಿ. ಒಮ್ಮೆ ಮೇಡಂ ಗುಂಪಿನಲ್ಲಿ ಬರೆದರು: "ಯಾರ ಶಾಲೇಲಾದ್ರೂ ಒಳ್ಳೆ ರೆಸಿಸ್ಟೆನ್ಸ್ ಇದೆಯಾ? ವಿದ್ಯುತ್ತಿನ ಪಾಠಕ್ಕೆ ಒಂದು ವಾರ ಬೇಕಿತ್ತು."

ಹೊಸಕೋಟೆ ಕಡೆಯ ಮೇಷ್ಟ್ರೊಬ್ಬರು ತಕ್ಷಣ ಉತ್ತರ ಹಾಕಿದರು: "ನಮ್ಮ ಹೆಡ್‌ಮಾಸ್ಟರ್ ಇದ್ದಾರೆ. ಏನು ಕೇಳಿದ್ರೂ ಆಗಲ್ಲ ಅಂತಾರೆ. ವಾರ ಯಾಕೆ, ವರ್ಷ ಪೂರ್ತಿ ಇಟ್ಕೊಳ್ಳಿ."

ಹೆಡ್‌ಮಾಸ್ಟರೂ ಅದೇ ಗುಂಪಿನಲ್ಲಿದ್ದಾರೆ ಅನ್ನೋದು ಅವರಿಗೆ ಮರೆತೇಹೋಗಿತ್ತು. ಆಮೇಲೆ ಹೆಡ್‌ಮಾಸ್ಟರೇ ಬರೆದರು: "ಬರ್ತೀನಿ ಮೇಡಂ. ನಿಮ್ಮ ಶಾಲೇಲಿ ಕರೆಂಟ್ ಇರುತ್ತಾ?"

ತಲೆ ಮೇಲಿನ ವಿಮಾನ

ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ನನ್ನ ಪಾಠ ಆಗಾಗ ಸದ್ದಿನಲ್ಲಿ ಮುಳುಗುತ್ತೆ. ಗುಂಪಿನಲ್ಲಿ ಗೋಳು ತೋಡ್ಕೊಂಡೆ. ಮೇಡಂ ಬರೆದರು: "ನಾವು ಬಾರಿಸೋ ಗಂಟೆ, ಊದೋ ಪೀಪಿ ಇಟ್ಕೊಂಡು ಒದ್ದಾಡ್ತೀವಿ ಸಾರ್. ನಿಮಗೆ ವಿಮಾನಾನೇ ಸಿಕ್ಕಿದೆ. ಮಕ್ಕಳನ್ನ ಅಂಗಳಕ್ಕೆ ಕರ್ಕೊಂಡು ಹೋಗಿ. ಕಣ್ಣು ಮುಚ್ಚಿ ಸದ್ದು ಬಂದ ಕಡೆ ಕೈ ತೋರಿಸಲಿ, ಆಮೇಲೆ ಕಣ್ಣು ಬಿಡಲಿ."

ಹಾಗೇ ಮಾಡಿಸಿದೆ. ಕೈ ಒಂದು ಕಡೆ, ವಿಮಾನ ಅದಕ್ಕಿಂತ ಎಷ್ಟೋ ಮುಂದೆ. ಬೆಳಕು ಬೇಗ ಬಂತು, ಸದ್ದು ಹಿಂದೆ ಬಿತ್ತು ಅಂತ ನಾನು ಬಾಯಿ ಬಿಡೋ ಮೊದಲೇ ಮಕ್ಕಳು ಹೇಳಿದರು. ಇಷ್ಟು ವರ್ಷ ಬೈದುಕೊಂಡಿದ್ದ ವಿಮಾನಕ್ಕೆ ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ.

ಮುಂದಿನ ವಾರ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಒಂಬತ್ತನೇ ತರಗತಿಯ ಹುಡುಗಿಯನ್ನು ಎಬ್ಬಿಸಿ, "ಶಬ್ದ ಬೆಳಕಿಗಿಂತ ನಿಧಾನ ಅನ್ನೋದಕ್ಕೆ ಒಂದು ಉದಾಹರಣೆ ಕೊಡಮ್ಮ" ಅಂದರು. ಗುಡುಗು ಮಿಂಚು ಅಂತಾಳೆ ಅಂದ್ಕೊಂಡಿದ್ದರೇನೋ. ಅವಳು "ಬನ್ನಿ ಸಾರ್" ಅಂತ ಅಂಗಳಕ್ಕೆ ಕರ್ಕೊಂಡು ಹೋಗಿ, ಕಣ್ಣು ಮುಚ್ಚಿಸಿ ನಿಲ್ಲಿಸಿದಳು. ಅಧಿಕಾರಿ ಕೈ ತೋರಿಸಿದರು, ಕಣ್ಣು ಬಿಟ್ಟರು, "ಅರೆ" ಅಂದರು. ಇನ್ನೊಂದು ವಿಮಾನ ನೋಡ್ತೀನಿ ಅಂದರು. ಆಮೇಲೆ ಇನ್ನೊಂದು. ಒಳಗೆ ಬರೋ ಮನಸ್ಸೇ ಇಲ್ಲ.

ಕೊನೆಗೆ ಹುಡುಗಿಯೇ ಹೇಳಿದಳು: "ಸಾರ್, ಬೇರೆ ಪ್ರಶ್ನೆ ಇದ್ರೆ ಬೇಗ ಕೇಳ್ಬಿಡಿ. ವಿಮಾನ ಬಂದ್ರೆ ನೀವು ಕೇಳೋದು ನಮಗೆ ಕೇಳ್ಸಲ್ಲ."

ಕತ್ತಲೆ ಕೋಣೆ

ಇದು ಮೇಡಂ ಶಾಲೆಗೆ ಹೋದಾಗ ನಾನೇ ಕಂಡದ್ದು. ಅಲ್ಲಿ ಒಂದು ಹಳೇ ಕೋಣೆಯ ಕಿಟಕಿಗಳಿಗೆಲ್ಲ ಅವರು ಕಪ್ಪು ಟಾರ್ಪಾಲ್ ಬಡಿದು, ಒಂದು ಕಡೆ ಮಾತ್ರ ರಟ್ಟಿನಲ್ಲಿ ನಾಣ್ಯದಷ್ಟು ತೂತು ಬಿಟ್ಟಿದ್ದರು. ಎದುರು ಗೋಡೆಗೆ ಬಿಳಿ ಪಂಚೆ. ಹೊರಗೆ ಬಿಸಿಲಿದ್ದರೆ ಶಾಲೆಯ ಕೈತೋಟ, ಆಚೆಯ ರಸ್ತೆ ಎಲ್ಲ ಬಣ್ಣ ಸಮೇತ ಪಂಚೆಯ ಮೇಲೆ ತಲೆಕೆಳಗಾಗಿ ಮೂಡುತ್ತೆ. ಬೆಳಕು ನೇರವಾಗಿ ಸಾಗುತ್ತೆ ಅನ್ನೋ ಪುಸ್ತಕದ ಒಂದೇ ಸಾಲಿಗೆ ಮೇಡಂ ಒಂದು ತಿಂಗಳು ಬೆವರು ಸುರಿಸಿದ್ದರು.

ಆ ಕೋಣೆಗೇ ಈಗ ಕುತ್ತು ಬಂದಿತ್ತು. ಬಿಸಿಯೂಟದ ಅಕ್ಕಿಮೂಟೆ ಇಡೋಕೆ ಅದು ಬೇಕು ಅಂತ ಶಾಲಾ ಸಮಿತಿಯ ಅಧ್ಯಕ್ಷರು ಪಟ್ಟು ಹಿಡಿದಿದ್ದರು. ಊರಿನ ದೊಡ್ಡ ರೈತರು, ಅವರ ಮಾತಿಗೆ ಎದುರಿಲ್ಲ. ಅವತ್ತು ಬೀಗ ಹಿಡಿದುಕೊಂಡೇ ಬಂದರು. ಮೇಡಂ ಮುಖ ಬಾಡಿತು. ಆದರೂ, "ಒಂದು ಸಲ ಕೂತು ನೋಡಿ ಅಧ್ಯಕ್ಷರೇ, ಆಮೇಲೆ ಬೀಗ ಹಾಕಿ" ಅಂದರು.

ಅಧ್ಯಕ್ಷರು ಮಕ್ಕಳ ಜೊತೆ ಬೆಂಚಿನ ಮೇಲೆ ಕೂತರು. ಪಂಚೆಯ ಮೇಲೆ ಒಂದು ಟ್ರಾಕ್ಟರು ಚಕ್ರ ಮೇಲೆ ಮಾಡ್ಕೊಂಡು ಹೋಯಿತು. "ವೈರಿಲ್ಲ, ಮಿಷಿನ್ನಿಲ್ಲ, ಹೆಂಗಮ್ಮಾ ಇದು?" ಅಂದರು. ಪಕ್ಕದಲ್ಲಿದ್ದ ಹುಡುಗಿ, ಮೇಲಿನ ಬೆಳಕು ತೂತು ದಾಟಿ ಕೆಳಗೆ ಬೀಳುತ್ತೆ, ಕೆಳಗಿನದು ಮೇಲೆ ಹೋಗುತ್ತೆ ಅಂತ ಕೈಯಲ್ಲಿ ತೋರಿಸಿದಳು. ಅಧ್ಯಕ್ಷರು ಬೀಗ ಜೇಬಿಗೆ ಹಾಕ್ಕೊಂಡರು. ಆಮೇಲೆ, "ಅಕ್ಕಿಮೂಟೆ ಬೇರೆ ಕಡೆ ಇಡ್ಸಣ ಬುಡಿ. ಈ ರೂಮು ಯಾರೂ ಮುಟ್ಟಂಗಿಲ್ಲ" ಅಂದರು. ಮೇಡಂ ಉಸಿರು ಬಿಟ್ಟದ್ದು ಕತ್ತಲಲ್ಲಿ ನನಗೆ ಕೇಳಿಸಿತು.

ಅಷ್ಟರಲ್ಲಿ ಪಂಚೆಯ ಮೇಲೆ ಒಂದು ಹಸು, ಕಾಲು ಮೇಲಾಗಿ, ಮಕ್ಕಳು ಬೆಳೆದಿದ್ದ ದಂಟಿನ ಸೊಪ್ಪಿಗೆ ಬಾಯಿ ಹಾಕಿತು.

"ಅರೆ, ನಮ್ ಗೌರಿ ಕಣ್ರೀ" ಅಂದರು ಅಧ್ಯಕ್ಷರು, ಖುಷಿಯಿಂದ.

ಮೇಡಂ ಮೆಲ್ಲಗೆ ಹೇಳಿದರು, "ತೋಟ ಮೇಯ್ತಿರೋದು ಯಾರ ಹಸು ಅಂತ ಮೂರು ಮೀಟಿಂಗಿಂದ ಕೇಳ್ತಿದ್ದೀವಿ. ನಿಮ್ಮದು ಕೊಟ್ಟಿಗೆ ಬಿಟ್ಟು ಬರೋದೇ ಇಲ್ಲ ಅಂದಿದ್ರಿ."

ಕತ್ತಲಲ್ಲಿ ಮಕ್ಕಳು ನಗು ತಡೆಯೋ ಸದ್ದು. ಅಧ್ಯಕ್ಷರು ಇನ್ನೊಂದು ಸಲ ಪಂಚೆ ಕಡೆ ಕಣ್ಣು ಕಿರಿದು ಮಾಡಿ ನೋಡಿದರು.

"ಸರ್ಯಾಗಿ ನೋಡಿ ಮೇಡಂ. ಅದು ತಲೆಕೆಳಗಾಗಿ ನಡೀತೈತೆ. ನಮ್ ಗೌರಿ ನೆಟ್ಟಗೆ ನಡೀತಾಳೆ."