ಹಿಂದಕ್ಕೆ ಮುಖ ಮಾಡಿ ಕೂತ ಕುಂಬಳಕಾಯಿ

ಗುರುವಾರ ನಾನು ಮಾಡಿದ ಕೆಲಸಗಳು ಇಷ್ಟು: ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ಅತ್ತೆಗೆ ಕಾಫಿ ಕೊಟ್ಟೆ, ಮೊಮ್ಮಗಳಿಗೆ ರಾಗಿ ಸರಿ ತಿನ್ನಿಸಿದೆ. ನಲ್ಲಿಯಲ್ಲಿ ನೀರು ಬಂದಷ್ಟು ಹೊತ್ತು ಹಿಡಿದಿಟ್ಟೆ. ಹುರುಳಿಕಾಳು ಮೊಳಕೆ ಕಟ್ಟಿದೆ. ಮಗುವಿನ ಬಟ್ಟೆ ಒಗೆದು ತಂತಿಗೆ ಹಾಕಿದೆ. ಆಮೇಲೆ ಎರಡು ಕುಂಬಳಕಾಯಿಗಳಿಗೆ ಕುಲಾವಿ ತೊಡಿಸಿ, ಕಾರಿನಲ್ಲಿ ಕೂರಿಸಿಕೊಂಡು, ಊರಾಚೆ ಸುತ್ತಾಡಿಸಿಕೊಂಡು ಬಂದೆ.

ಕೊನೆಯದೊಂದು ಬಿಟ್ಟರೆ ಉಳಿದದ್ದೆಲ್ಲ ಶಿಡ್ಲಘಟ್ಟದ ಯಾವ ಮನೆಯಲ್ಲಾದರೂ ನಡೆಯುವಂಥದ್ದೇ. ಆ ಕೊನೆಯದಕ್ಕೆ ಮಾತ್ರ ಕಾರಣ ಹೇಳಬೇಕು.

ನಮ್ಮ ಯಜಮಾನರಿಗೆ ಪೇಟೆಯಲ್ಲಿ ಔಷಧಿ ಅಂಗಡಿ. ಅಂಗಡಿಯ ಸಂಪಾದನೆಯಲ್ಲಿ ಅವರೊಂದು ಹಳೆಯ ಬಿಳಿ ಕಾರು ಕೊಂಡಿದ್ದರು. ಮಗಳು ಸುಧಾ ಬಾಣಂತನಕ್ಕೆ ಬಂದವಳು, ಮಗು ಚಿನ್ನಿಗೆ ಹತ್ತು ತಿಂಗಳಾಗುವವರೆಗೂ ಬಂದು ಹೋಗಿ ಮಾಡುತ್ತಿದ್ದಳು. ಅವಳ ಮನೆ ಗೌರಿಬಿದನೂರು. ಅಳಿಯನಿಗೆ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸ. ಹೋದ ತಿಂಗಳು ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಒಂದು ಮೇಕೆ ಅಡ್ಡ ಬಂದು, ಇವರು ಬ್ರೇಕು ಒತ್ತಿ, ಸುಧಾಳ ತೊಡೆಯ ಮೇಲಿದ್ದ ಚಿನ್ನಿ ಜಾರಿ ಮುಂದಿನ ಸೀಟಿಗೆ ಹಣೆ ಬಡಿದುಕೊಂಡಿತ್ತು. ಮೇಕೆಗೆ ಏನೂ ಆಗಲಿಲ್ಲ. ಮಗುವಿನ ಹಣೆಯಲ್ಲಿ ನೆಲ್ಲಿಕಾಯಿಯಷ್ಟು ಬುಗುಟು.

"ಅಮ್ಮಾ, ಇನ್ಮೇಲೆ ಮಗೂನ ತೊಡೆ ಮೇಲೆ ಇಟ್ಕೊಂಡು ಕಾರು ಹತ್ತಲ್ಲ. ಭದ್ರವಾಗಿ ಕೂರಿಸೋ ಹಾಗಿದ್ರೆ ಹೇಳಿ, ಬರ್ತೀನಿ. ಇಲ್ದಿದ್ರೆ ಇಲ್ಲೇ ಇರ್ತೀನಿ" ಎಂದು ಸುಧಾ ಖಡಾಖಂಡಿತವಾಗಿ ಹೇಳಿಬಿಟ್ಟಳು.

ಶುಕ್ರವಾರ ಅವಳ ಅತ್ತೆಮನೆಯಲ್ಲಿ ಚಿನ್ನಿಗೆ ಕಿವಿ ಚುಚ್ಚುವ ಶಾಸ್ತ್ರ. ಕಿವಿಯೇ ಬಾರದಿದ್ದರೆ ಚುಚ್ಚುವುದೇನನ್ನು? ಹೀಗಾಗಿ ಮಗುವಿಗೆ ತಕ್ಕ ಆಸನವನ್ನು ಆರಿಸುವ ಗುರುತರ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಇಬ್ಬರು ಮಕ್ಕಳನ್ನು ಸಾಕಿದವಳು. ಒಂದು ಕುರ್ಚಿ ಆರಿಸಲಾರೆನೆ?

ಯಜಮಾನರು ಬಡಗಿಯ ಹತ್ತಿರ ಒಂದು ಪುಟ್ಟ ಮರದ ಕುರ್ಚಿ ಮಾಡಿಸಿ ತಂದರು. ಮುಂದೆ ಅಡ್ಡಪಟ್ಟಿ, ಅದಕ್ಕೆ ಬಣ್ಣದ ಮಣಿ. ಮುದ್ದಾಗಿತ್ತು. ಅದೇ ದಿನ ಪಕ್ಕದ ಮನೆಯ ಮೆಹರುನ್ನಿಸಾ, ನಮ್ಮ ಬೀದಿಯವರ ಬಾಯಲ್ಲಿ ಮೆಹರಮ್ಮ, ಇನ್ನೊಂದನ್ನು ಹೊತ್ತು ತಂದಳು. ಅವಳ ತಮ್ಮ ದುಬೈನಿಂದ ರಜಕ್ಕೆ ಬಂದಾಗ ತಂದು, ಮಗ ಬೆಳೆದ ಮೇಲೆ ಬಿಟ್ಟುಹೋಗಿದ್ದ ಸೀಟು. ಅರ್ಧ ತೊಟ್ಟಿಲು, ಅರ್ಧ ಬೋಗುಣಿ.

"ಅಕ್ಕಾ, ಇದನ್ನ ಉಲ್ಟಾ ಇಡಬೇಕು. ಮಗೂದು ಮುಖ ಹಿಂದಕ್ಕೆ ಬರಬೇಕಂತೆ" ಎಂದಳು.

"ಯಾಕೆ?"

"ಅದು ಗೊತ್ತಿಲ್ಲ ಅಕ್ಕಾ. ತಮ್ಮ ಹೇಳಿದ್ದ, ನಾನು ಕೇಳಲಿಲ್ಲ."

ನಾನು ಅಂಥವಳಲ್ಲ. ನನಗೆ ಯಾಕೆ ಎಂದು ಗೊತ್ತಾಗದಿದ್ದರೆ ಮಾಡಿದ ಸಾರಿಗೂ ರುಚಿ ಇರುವುದಿಲ್ಲ. ಜಟಕಾದಲ್ಲಿ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತವರು ಹಿಂದಕ್ಕೆ ನೋಡುತ್ತಾ ಹೋಗುತ್ತಿದ್ದುದು ನೆನಪಾಯಿತು. ಆದರೆ ಅದು ಭದ್ರತೆಗಲ್ಲ, ಮುಂದೆ ಜಾಗವಿಲ್ಲದ್ದಕ್ಕೆ. ಮರದ್ದೋ, ದುಬೈಯದೋ? ಪರೀಕ್ಷೆ ಮಾಡಿಯೇ ತೀರ್ಮಾನಿಸುವುದೆಂದುಕೊಂಡೆ. ಮಗುವನ್ನಿಟ್ಟು ಪರೀಕ್ಷೆ ಮಾಡಲಾದೀತೆ? ಹಿತ್ತಲಲ್ಲಿ ಚಿನ್ನಿಯಷ್ಟೇ ತೂಕದ ಎರಡು ಸಿಹಿಗುಂಬಳ ಇದ್ದವು.

ಬಯಲಿಗೆ ಹೋದೆವು. ಹಿಂದಿನ ಸೀಟಿನ ಒಂದು ಕಡೆ ಮರದ ಕುರ್ಚಿ, ಮುಖ ಮುಂದಕ್ಕೆ. ಇನ್ನೊಂದು ಕಡೆ ದುಬೈ ಸೀಟು, ಮುಖ ಹಿಂದಕ್ಕೆ. ಅದನ್ನು ಕಾರಿನ ಬೆಲ್ಟಿನಿಂದ ಬಿಗಿಯಬೇಕಂತೆ. ನಮ್ಮ ಕಾರಿನ ಹಿಂದೆ ಬೆಲ್ಟೇ ಇರಲಿಲ್ಲ. ಬಾವಿಯ ಹಗ್ಗದಿಂದ ಎರಡನ್ನೂ ಸೀಟಿನ ಕಬ್ಬಿಣದ ಚೌಕಟ್ಟಿಗೆ ಬಿಗಿದೆವು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಕುಂಬಳಕಾಯಿಗಳಿಗೆ ಮುಖ ಯಾವುದು, ಬೆನ್ನು ಯಾವುದು ಎಂದು ತಿಳಿಯಲೆಂದು ಸುಧಾ ಕುಲಾವಿ ಕಟ್ಟಿದಳು.

ದಾರಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬ ಮುದುಕ ಕಾರಿನೊಳಗೆ ಇಣುಕಿ ನೋಡಿದ.

"ಏಮಮ್ಮಾ, ಇಬ್ಬರೂ ಅವಳಿ ಜವಳಿನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟ.

ಯಜಮಾನರು ಜೋರಾಗಿ ಓಡಿಸಿ ಬ್ರೇಕು ಒತ್ತಿದರು. ಮರದ ಕುರ್ಚಿಯ ಕುಂಬಳಕಾಯಿ ಅಡ್ಡಪಟ್ಟಿಯನ್ನು ಮಣಿ ಸಮೇತ ಮುರಿದುಕೊಂಡು ಹಾರಿ, ಅವರ ಸೀಟಿನ ಬೆನ್ನಿಗೆ ಬಡಿದು ಎರಡು ಹೋಳಾಯಿತು. ದುಬೈ ಸೀಟಿನದು ಕುಲಾವಿ ಕೂಡ ಸರಿಯದೆ ಒರಗಿಕೊಂಡು ಕೂತಿತ್ತು.

ಆಗ ನನಗೆ ಹೊಳೆಯಿತು. ಕಾರು ನಿಂತರೂ ಒಳಗಿರುವುದು ಮುಂದಕ್ಕೆ ಹೋಗಲು ನೋಡುತ್ತದೆ. ಮುಂದಕ್ಕೆ ಮುಖ ಮಾಡಿದ್ದರೆ ತಡೆಯಲು ಒಂದು ಪಟ್ಟಿ ಮಾತ್ರ. ಹಿಂದಕ್ಕೆ ಮುಖ ಮಾಡಿದ್ದರೆ ಬೆನ್ನು, ಕತ್ತು, ತಲೆ ಎಲ್ಲಕ್ಕೂ ಒರಗಲು ಜಾಗ. ಹತ್ತು ತಿಂಗಳ ಮಗುವಿಗೆ ತಲೆಯೇ ಭಾರ, ಕತ್ತು ಎಳೆಯದು. ದುಬೈಯವರು ಸುಮ್ಮನೆ ಉಲ್ಟಾ ಇಟ್ಟಿರಲಿಲ್ಲ!

ಆ ರಾತ್ರಿ ಕುಂಬಳಕಾಯಿ ಹುಳಿ. ಯಜಮಾನರು ತಮ್ಮ ಕುರ್ಚಿಯನ್ನು ಅಟ್ಟಕ್ಕೆ ಹಾಕಿ ಬಂದು ಉಂಡರು.

ಶುಕ್ರವಾರ ಬೆಳಿಗ್ಗೆ ಹೊರಡುವ ಹೊತ್ತು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಚಿನ್ನಿಯನ್ನು ಸೀಟಿನಲ್ಲಿ ಕೂರಿಸಿ ಪಟ್ಟಿ ಹಾಕಿಯಾಗಿತ್ತು. ಅತ್ತೆ ಮುಂದಿನ ಎರಡು ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಕಾರಿನೊಳಗೆ ನೋಡಿ, ಹಾಗೆಯೇ ನಿಂತರು.

"ಇದೇನೇ ಸರೋಜ, ಮಗೂನ ಮನೆ ಕಡೆ ತಿರುಗಿಸಿ ಕೂರಿಸಿದ್ದೀಯ?"

"ಅದೇ ಭದ್ರ ಅತ್ತೆ."

"ಶುಭಕಾರ್ಯಕ್ಕೆ ಹೊರಟಾಗ ಹಿಂದಕ್ಕೆ ತಿರುಗಿ ನೋಡಬಾರದು ಕಣೇ. ಇದು ಗೌರಿಬಿದನೂರಿನ ತನಕ ನೋಡ್ತಾನೇ ಹೋಗುತ್ತಲ್ಲ!"

"ಅಜ್ಜಿ, ಮುಂದಕ್ಕೆ ತಿರುಗಿಸಿದ್ರೆ ನಾನು ಬರಲ್ಲ" ಎಂದಳು ಸುಧಾ.

"ಹಿಂದಕ್ಕೆ ಇದ್ರೆ ನಾನು ಬರಲ್ಲ" ಎಂದರು ಅತ್ತೆ, ಜಗಲಿಯ ಮೇಲೆ ಕೂತು.

ಯಜಮಾನರು ಸ್ಟಿಯರಿಂಗ್ ಹಿಡಿದು ನನ್ನನ್ನೇ ನೋಡಿದರು. ಇತ್ತ ಮೂರನೆಯ ತಲೆಮಾರು, ಅತ್ತ ಮೊದಲನೆಯದು. ನಡುವೆ ನಾನು. ಇಂಥ ಸಂದರ್ಭದಲ್ಲೇ ನನ್ನ ಬುದ್ಧಿ ಚುರುಕಾಗುವುದು. ಆಗದಿದ್ದರೆ ಎಷ್ಟು ಚೆನ್ನಾಗಿತ್ತು.

"ರೀ, ಬೀದಿಯ ತಿರುವಿನ ತನಕ ರಿವರ್ಸಿನಲ್ಲಿ ಹೋಗಣ. ಆಗ ಮಗು ಮುಂದಕ್ಕೆ ನೋಡ್ತಾ ಹೊರಟಂಗಾಯ್ತು. ತಿರುವು ದಾಟಿದ ಮೇಲೆ ಮನೆ ಕಾಣಲ್ಲ, ದೋಷ ಇಲ್ಲ."

ಅತ್ತೆ ಯೋಚಿಸಿದರು. "ಅದು ಸರಿ" ಎಂದು ಎದ್ದು ಬಂದು ಮುಂದಿನ ಸೀಟಿನಲ್ಲಿ ಕೂತರು. ಮದುವೆಯಾದಾಗಿನಿಂದ ಅವರು ನನ್ನ ಮಾತಿಗೆ ಸರಿ ಎಂದದ್ದು ಅದೇ ಮೊದಲು. ಆ ಹುರುಪಿನಲ್ಲಿ ನಾನು ಹಿಂದಿನ ಸೀಟಿನಲ್ಲಿ ಮಂಡಿಯೂರಿ, ಹಿಂದಿನ ಗಾಜಿನತ್ತ ಮುಖ ಮಾಡಿ, ದಾರಿ ತೋರಿಸುವ ಕೆಲಸವನ್ನೂ ವಹಿಸಿಕೊಂಡೆ.

"ಬನ್ನಿ, ಬನ್ನಿ, ಬನ್ನಿ."

ಕಾರು ಹಿಂದಕ್ಕೆ ಹೊರಟಿತು. ಹೀಗೆ ಹೋಗುವಾಗ ಮಗುವಿನ ಮುಖ ಹೇಗಿರುತ್ತದೆ? ನೋಡಬೇಕೆನ್ನಿಸಿತು. ನೋಡಿದೆ. ಚಿನ್ನಿ ಕಣ್ಣರಳಿಸಿ, ತುಟಿ ಗುಂಡಗೆ ಮಾಡಿ, ಊರಿಗೆ ಬಂದ ಅಧಿಕಾರಿಯ ಹಾಗೆ ಗಂಭೀರವಾಗಿ ಕೂತಿದ್ದಳು. ನಗು ಬಂತು. ಬಾಯಿ ಮಾತ್ರ ಅಭ್ಯಾಸಬಲದಿಂದ "ಬನ್ನಿ, ಬನ್ನಿ" ಅನ್ನುತ್ತಲೇ ಇತ್ತು.

"ಅಕ್ಕಾ! ಅಕ್ಕಾ, ಹುಳ!" ಎಂದು ಮೆಹರಮ್ಮ ಹೊರಗಿನಿಂದ ಕೂಗಿದ್ದು ಕೇಳಿತು.

ಅವಳ ಮನೆಯವರದು ರೇಷ್ಮೆ ನೂಲು ಬಿಚ್ಚುವ ಕೆಲಸ. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಸತ್ತ ಹುಳುಗಳನ್ನು ಕೋಳಿ ಮೇವಿನವರು ಬಂದು ಒಯ್ಯುವ ತನಕ ಬೀದಿಯ ಅಂಚಿನಲ್ಲಿ ರಾಶಿ ಹಾಕುತ್ತಿದ್ದರು. ಅದರ ವಾಸನೆ ಬಲ್ಲವರಿಗೆ ವರ್ಣನೆ ಬೇಡ. ಅರಿಯದವರಿಗೆ ವರ್ಣಿಸಿ ಅವರ ಊಟ ಕೆಡಿಸಲಾರೆ. ಕಾರು ಆ ರಾಶಿಯೊಳಕ್ಕೆ ಹೊಕ್ಕು ದಪ್ಪನೆ ನಿಂತಿತು.

ಯಜಮಾನರು, ಅತ್ತೆ, ಸುಧಾ ತಮ್ಮ ತಮ್ಮ ಸೀಟಿಗೆ ಒರಗಿದರು. ಚಿನ್ನಿಯನ್ನು ಪಟ್ಟಿ ಹಿಡಿದುಕೊಂಡಿತು; ಅವಳು ಕೇಕೆ ಹಾಕಿ ನಕ್ಕಳು. ಪಟ್ಟಿಯಿಲ್ಲದೆ ಹಿಂದಕ್ಕೆ ಮುಖ ಮಾಡಿದ್ದವಳು ಆ ಕಾರಿನಲ್ಲಿ ನಾನೊಬ್ಬಳೇ. ನನ್ನ ಹಣೆ ಹಿಂದಿನ ಗಾಜಿಗೆ ಬಡಿಯಿತು. ಆ ನೋವಿನಲ್ಲೂ ಒಂದು ವಿಷಯ ತಿಳಿಯಿತು: ಕಾರು ಹಿಂದಕ್ಕೆ ಹೋದರೆ ನನ್ನ ಕುಂಬಳಕಾಯಿ ಪರೀಕ್ಷೆಯೆಲ್ಲ ತಲೆಕೆಳಗು. ಆ ಸೀಟಿನ ಗುಣವೆಲ್ಲ ವ್ಯರ್ಥವಾಗುವ ಏಕೈಕ ದಿಕ್ಕನ್ನು ನಾನು ಹುಡುಕಿ ಹುಡುಕಿ ಆರಿಸಿದ್ದೆ. ರಾಶಿ ಮೆತ್ತಗಿತ್ತು, ಕಾರು ನಿಧಾನವಾಗಿತ್ತು, ಅದೇ ಪುಣ್ಯ.

ಹಿಂದಿನ ಚಕ್ರಗಳು ಹುಳದಲ್ಲಿ ಹೂತಿದ್ದವು. "ಇಳಿದು ನೂಕೇ" ಎಂದರು ಯಜಮಾನರು. ನೂಕಲು ಹಿಂದೆ ನಿಂತೆ. ಅವರು ಆಕ್ಸಿಲರೇಟರ್ ಒತ್ತಿದರು. ಚಕ್ರ ಗಿರ್ರನೆ ತಿರುಗಿ, ರಾಶಿಯ ಹುಳುಗಳೆಲ್ಲ ನನ್ನ ರೇಷ್ಮೆ ಸೀರೆಯ ಮೇಲೆ ಬಂದು ಬಿದ್ದವು. ತಮ್ಮ ಸೊತ್ತನ್ನು ವಾಪಸು ಕೇಳಲು ಬಂದಂತಿತ್ತು.

ಅತ್ತೆ ಇಳಿದು ಮನೆಯ ಮುಂದಕ್ಕೆ ನಡೆದು ಹೋಗಿ, ನಿಂಬೆಹಣ್ಣುಗಳನ್ನು ಎತ್ತಿ ತೋರಿಸಿದರು. ಎರಡೂ ಇಟ್ಟ ಹಾಗೇ ಇದ್ದವು.

"ನಿಂಬೆಹಣ್ಣು ಮುಂದೆ ಇಟ್ಟು ಗಾಡಿ ಹಿಂದಕ್ಕೆ ಬಿಟ್ರೆ ಇನ್ನೇನಾಗುತ್ತೆ?"

"ಅತ್ತೆ, ರಿವರ್ಸಿಗೆ ನೀವೂ ಸರಿ ಅಂದ್ರಲ್ಲ."

"ನೀನು ಓದಿದವಳು ಅಂತ ಅಂದೆ."

ಆಮೇಲೆ ಅವರು ಕಿಟಕಿಯ ಹತ್ತಿರ ಬಂದು ಮರಿಮಗಳನ್ನು ಬಹಳ ಹೊತ್ತು ನೋಡಿದರು. ಹಳೆಯ ಬುಗುಟಿನ ಗುರುತನ್ನು ಬೆರಳಿನಿಂದ ಸವರಿದರು. "ಎಲ್ಲರೂ ಅಲ್ಲಾಡಿದ್ರಿ. ಇದೊಂದು ಅಲ್ಲಾಡಲಿಲ್ಲ" ಎಂದರು. ಮತ್ತೆ ಹೇಳಿದರು, "ಅಲ್ಲಾ, ದೋಷ ಇರೋದು ಕತ್ತು ತಿರುಗಿಸಿ ನೋಡೋದಕ್ಕೆ. ಮಗು ಎಲ್ಲಿ ಕತ್ತು ತಿರುಗಿಸ್ತು? ಅದರ ಪಾಡಿಗೆ ಅದು ನೇರ ನೋಡ್ತಿದೆ. ತಿರುಗಿ ಕೂತಿದ್ದೋಳು ನೀನು."

ಈ ಶಾಸ್ತ್ರಾರ್ಥವನ್ನು ಅರ್ಧ ಗಂಟೆ ಮೊದಲೇ ಹೇಳಬಹುದಿತ್ತು. ನಿಂಬೆಹಣ್ಣುಗಳನ್ನು ಮತ್ತೆ ಚಕ್ರದ ಮುಂದಿಟ್ಟು, ಮೆಹರಮ್ಮನ ಮನೆಯವರೆಲ್ಲ ನೂಕಿ, ಕಾರು ಮುಂದಕ್ಕೆ ಹೊರಟಿತು. ನಾನು ಸೀರೆ ಬದಲಿಸಿದ್ದೆ. ವಾಸನೆ ಬದಲಾಗಲಿಲ್ಲ.

ಗೌರಿಬಿದನೂರಿನಲ್ಲಿ ಬೀಗಿತ್ತಿ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದು, "ಅಂಗಳದಲ್ಲಿ ಗಾಳಿ ಚೆನ್ನಾಗಿದೆ, ಅಲ್ಲೇ ಕೂತ್ಕೊಳ್ಳಿ" ಎಂದು ಉಪಚರಿಸಿದರು. ಕಿವಿ ಚುಚ್ಚುವಾಗ ಚಿನ್ನಿ ಅತ್ತದ್ದು ನನಗೆ ಅಂಗಳಕ್ಕೆ ಕೇಳಿಸಿತು. ಬೀಗರು ಮಗುವಿನ ಹಣೆ ನೋಡಿ ಸಮಾಧಾನಪಟ್ಟು, ಆಮೇಲೆ ನನ್ನ ಹಣೆ ನೋಡಿದರು. ಅಲ್ಲಿ ನಿಂಬೆಹಣ್ಣಿನಷ್ಟು ಎದ್ದಿತ್ತು.

"ಅಮ್ಮಾ, ನಿಮಗೂ ಒಂದು ಸೀಟು ತರಿಸಣ" ಎಂದಳು ಸುಧಾ.

ಅಂಗಳದಲ್ಲೇ ನನಗೆ ಎಲೆ ಹಾಕಿದರು. ಕೋಸಂಬರಿ, ಒಬ್ಬಟ್ಟು, ಒಬ್ಬಟ್ಟಿನ ಸಾರು, ಅನ್ನ, ಮಜ್ಜಿಗೆ. ಜೊತೆಗೆ, ಪರೀಕ್ಷೆಯಲ್ಲಿ ಗೆದ್ದ ಆ ಇನ್ನೊಂದು ಕುಂಬಳಕಾಯಿಯ ಪಲ್ಯ. ಬೀಗರಿಗೆಂದು ನಾನೇ ಒಯ್ದದ್ದು. ಊಟವಾದ ಮೇಲೆ ಚಿನ್ನಿ ಯಾರ ತೊಡೆಯಲ್ಲೂ ನಿಲ್ಲದೆ, ಕಾರಿನಿಂದ ಬಿಚ್ಚಿ ತಂದ ಆ ಸೀಟಿನಲ್ಲಿ ಕೂರಿಸಿದ ಮೇಲೆ ಎಲ್ಲರಿಗಿಂತ ಮೊದಲು ನಿದ್ದೆ ಹೋದಳು. ಅವಳ ಹಿಂದೆಯೇ ಅತ್ತೆ, ಅವರ ಹಿಂದೆ ಯಜಮಾನರು. ನಾನು ಅಂಗಳದ ಚಾಪೆಯ ಮೇಲೆ ಹಣೆ ತಾಗದ ಮಗ್ಗುಲು ಹುಡುಕುತ್ತಾ ಬಹಳ ಹೊತ್ತು ಎಚ್ಚರವಾಗಿದ್ದೆ. ನೊಣಗಳು ಮಾತ್ರ ನನ್ನನ್ನು ಬಿಟ್ಟು ಹೋಗಲಿಲ್ಲ.