ಗುಂಡಿಯ ಸರಪಳಿಯ ಅಳತೆ

ನಾಯಿಗೆ ಕಾಲು ನಾಲ್ಕು. ಅವು ಇರುವುದು ಓಡುವುದಕ್ಕೆ. ಇದನ್ನೂ ಅಚ್ಚು ಹಾಕಿಸಿ ತಿಳಿಸಬೇಕಾದ ಕಾಲ ಬಂದಿದೆಯಲ್ಲ, ಅದೇ ನಾಚಿಕೆಗೇಡು.

ನಮ್ಮ ಬೀದಿಯ ದರ್ಜಿಗೆ ಇದು ತಿಳಿಯದ್ದೇನಲ್ಲ. ಊರಿನವರ ಎದೆ, ಸೊಂಟ, ತೋಳುಗಳನ್ನೆಲ್ಲ ಬಾಯಿಪಾಠ ಮಾಡಿದ್ದ ಆ ಮಹಾನುಭಾವನ ಹಿತ್ತಿಲಲ್ಲೇ, ಅವನ ನಾಯಿ ನಲ್ಲಿಯ ಪೈಪಿಗೆ ಕಟ್ಟಿಸಿಕೊಂಡು ಎರಡು ವರ್ಷ ಅರ್ಧಚಂದ್ರಾಕಾರದಲ್ಲಿ ಬದುಕಿತ್ತು. ಹೆಸರು ಗುಂಡಿ, ಮರಿಯಾಗಿದ್ದಾಗ ಕೋಟಿನ ಗುಂಡಿ ನುಂಗಿ ಸಂಪಾದಿಸಿದ ಬಿರುದು. ಈಚೆಗೊಮ್ಮೆ ಕೊರಳಪಟ್ಟಿ ಕಳಚಿಕೊಂಡು ಅಂಗಡಿಗೆ ನುಗ್ಗಿ, ಮದುಮಗನೊಬ್ಬನ ಕೋಟಿನ ತೋಳು ಕಿತ್ತಿತು. (ಮದುವೆ ನಡೆಯಿತು, ಮದುಮಗ ಇಡೀ ದಿನ ಒಂದೇ ಮಗ್ಗುಲು ತೋರಿಸಿಕೊಂಡು ನಿಂತಿದ್ದ.) ದರ್ಜಿ ತೀರ್ಪು ಕೊಟ್ಟ: ನಾಯಿ ಭಾವಮೈದುನನ ಗೋದಾಮು ಕಾಯಲು ಹೋಗಬೇಕು.

"ನನ್ನ ತಮ್ಮನ ಗೋದಾಮಲ್ಲಿ ಬೆಳಕೂ ಇಲ್ಲ, ಗಾಳೀನೂ ಇಲ್ಲ. ಕಟ್ಟಿ ಹಾಕಿರೋದಕ್ಕೇ ಅದು ಹಾಗಾಡ್ತಿರೋದು ಕಣ್ರೀ. ಬಿಟ್ಟು ನೋಡಿ," ಎಂದಳು ಹೆಂಡತಿ.

"ಬಿಟ್ರೆ ಓಡಿಹೋಗುತ್ತೆ."

"ಹೋಗಲ್ಲ. ಎಲ್ರೂ ಕಾಡಂಚಿಗೆ ಕ್ಯಾಂಪ್ ಹೋಗಿ ಡೇರೆ ಹಾಕೋಣ, ಸರಪಳಿ ಬಿಚ್ಚೋಣ. ಓಡಿಹೋದ್ರೆ ಹಿಡಿದು ಗೋದಾಮಿಗೇ ಕಳಿಸಿ, ನಾನು ಕಮಕ್ ಕಿಮಕ್ ಅನ್ನಲ್ಲ."

ಮಗಳು ಗುಂಡಿಯ ಕಿವಿ ಹಿಡಿದುಕೊಂಡು ಕೂತಿದ್ದಳು.

ಡೇರೆಯನ್ನು ದರ್ಜಿ ತಾನೇ ಹೊಲಿದ. ಹೆಂಡತಿಯನ್ನೂ ಮಗಳನ್ನೂ ನೆಲದ ಮೇಲೆ ಮಲಗಿಸಿ, ಪಕ್ಕದಲ್ಲಿ ತಾನೂ ಮಲಗಿ, ಅಳತೆ ತೆಗೆದು, ಮೈಗೊಪ್ಪುವ ಹಾಗೆ.

"ಗುಂಡಿ ಅಳತೆ ತಗೊಳ್ಳಲ್ವಾ ಅಪ್ಪ?"

"ಅದು ಅಲ್ಲೀವರೆಗೆ ಇದ್ರೆ ತಾನೇ," ಎಂದ ದರ್ಜಿ, ಕತ್ತರಿ ಆಡಿಸುತ್ತ.

ಕಾಡಂಚಿನ ಬಯಲಲ್ಲಿ ಡೇರೆ ಎದ್ದಿತು. ಸರಪಳಿ ಬಿಚ್ಚಿದರು. ಗುಂಡಿ ಬಯಲಿಗೆ ಮೂರು ಸುತ್ತು ಹಾಕಿ, ಬಂದು ಮಗಳ ಕಾಲಬುಡದಲ್ಲಿ ಮಲಗಿತು. ಮಧ್ಯಾಹ್ನವಾದರೂ ಏಳುವ ಲಕ್ಷಣವಿಲ್ಲ. ದರ್ಜಿಗೆ ಪಂತ ಸೋಲುವ ಭಯ. ಅದು ಓಡದಿದ್ದರೆ ಓಡಿಸುವುದು ತನ್ನ ಧರ್ಮವೆಂದುಕೊಂಡು, "ಸೌದೆ ತರ್ತೀನಿ" ಎಂದು ಹೊರಟ. ಕೊರಳಲ್ಲಿ ಎಂದಿನಂತೆ ಅಳತೆಯ ಟೇಪು, ಜೇಬಿನಲ್ಲಿ ಬಿಸ್ಕತ್ತು, ಹಿಂದೆ ಬಿಸ್ಕತ್ತಿನ ವಾಸನೆ ಹಿಡಿದ ಗುಂಡಿ.

ಮರಗಳ ನಡುವೆ ಒಂದು ಬಿಸ್ಕತ್ತು ಎಸೆದ. ತಿಂದು ಬಂತು. ಇನ್ನೂ ಒಳಗೆ ಹೋಗಿ ಇನ್ನೊಂದು ಎಸೆದ. ತಿಂದು ಬಂತು. ಕೊನೆಯದನ್ನು ಬಲವಾಗಿ ಎಸೆದು, ಪಂಚೆ ಎತ್ತಿ ಕಟ್ಟಿ, ಎದುರು ದಿಕ್ಕಿಗೆ ಓಡಿ ಪೊದೆಯ ಹಿಂದೆ ಅಡಗಿದ. ಹೊರಬಂದಾಗ ನಾಯಿ ಇರಲಿಲ್ಲ. ಆಹಾ ಎಂದುಕೊಂಡ. ಅಷ್ಟರಲ್ಲಿ ಇನ್ನೊಂದು ವಿಷಯ ಹೊಳೆಯಿತು: ದಾರಿಯೂ ಇರಲಿಲ್ಲ.

ಬಿಸಿಲು ಇಳಿಯುವವರೆಗೆ ಸುತ್ತಿದ. ಕೂಗಿದ. ಗಂಟಲು ಕಟ್ಟಿ ಕಲ್ಲಿನ ಮೇಲೆ ಕುಕ್ಕರಿಸಿದಾಗ ಎಲೆ ಸರಸರ ಎಂದಿತು. ಗುಂಡಿ ಬಂದು ಅವನನ್ನು ಮೇಲಿಂದ ಕೆಳಗೆ ಮೂಸಿತು. ಜೇಬು ಖಾಲಿ. ಆದರೂ ಬಿಟ್ಟು ಹೋಗಲಿಲ್ಲ. ಇಳಿಬಿದ್ದ ಟೇಪಿನ ತುದಿ ಕಚ್ಚಿಕೊಂಡು ಎಳೆಯತೊಡಗಿತು.

ಡೇರೆಯ ಮುಂದೆ ಚಹಾ ಕುದಿಯುತ್ತಿತ್ತು. ನಾಯಿ ಮುಂದೆ, ಕೊರಳಿಗೆ ಟೇಪು ಬಿಗಿದುಕೊಂಡ ಯಜಮಾನ ಹಿಂದೆ.

"ಅಮ್ಮ, ಅಪ್ಪನ್ನ ಹಿಡ್ಕೊಂಡ್ ಬಂತು," ಎಂದಳು ಮಗಳು.

ಹೆಂಡತಿ ಚಹಾ ಸೋಸುತ್ತಲೇ ಹೇಳಿದಳು: "ಬಿಟ್ರೆ ಓಡಿಹೋಗೋರು ಯಾರು ಅಂತ ಗೊತ್ತಾಯ್ತಲ್ಲ. ತಮ್ಮನ ಗೋದಾಮಲ್ಲಿ ಜಾಗ ಇನ್ನೂ ಖಾಲಿ ಇದೆ, ಹೇಳಿ ಕಳಿಸ್ಲಾ?"

ಮಲಗುವಾಗ ದರ್ಜಿ ತನಗೆಂದು ಅಳೆದಿದ್ದ ಜಾಗದಲ್ಲಿ ಗುಂಡಿ ಚಾಚಿಕೊಂಡಿತು. ದರ್ಜಿಯ ಕಾಲು ಮಂಡಿಯಿಂದಾಚೆ ಇಬ್ಬನಿಗೆ ಬಿತ್ತು. ವಿಚಿತ್ರವೆಂದರೆ ಸುಖವಾಗಿ ನಿದ್ದೆ ಬಂತು.

ಮನೆಗೆ ಬಂದವನೇ ಹಿತ್ತಿಲಿಗೆ ಹೋಗಿ ಟೇಪು ಹಿಡಿದ. ಸರಪಳಿ ನಾಲ್ಕಡಿ. ಗುಂಡಿ ಮೂಗಿಂದ ಬಾಲಕ್ಕೆ ಮೂರಡಿ. ಉಳಿದದ್ದು ಒಂದಡಿ.

"ಇಷ್ಟು ಬಿಗಿಯಾಗಿ ನಾನು ಯಾರಿಗೂ ಹೊಲಿದಿಲ್ಲ ಕಣೇ," ಎಂದ ಹೆಂಡತಿಗೆ, ಮೆಲ್ಲಗೆ.

ಈಗ ಆ ಸರಪಳಿಯಲ್ಲಿ ಅಂಗಡಿಯ ಇಸ್ತ್ರಿಪೆಟ್ಟಿಗೆಯನ್ನು ಕಟ್ಟಿದ್ದಾನೆ. ಅದಕ್ಕೆ ಬೇಸರವಿಲ್ಲ. ಗುಂಡಿ ಹೊಲಿಗೆಯಂತ್ರದ ಕೆಳಗೆ ಮಲಗುತ್ತದೆ, ಕೋಟುಗಳ ಗೊಡವೆಗೆ ಹೋಗುವುದಿಲ್ಲ.

ನಿಮ್ಮ ಮನೆಯಲ್ಲೂ ಒಂದು ಟೇಪು ಇದ್ದೀತು. ನಗುವುದು ಸಾಕು, ಎದ್ದು ಹಿತ್ತಿಲಿಗೆ ಹೋಗಿ. ಸರಪಳಿ ಅಳೆಯಿರಿ, ನಾಯಿಯನ್ನೂ ಅಳೆಯಿರಿ. ಉಳಿದಷ್ಟು ಜಾಗದಲ್ಲಿ ನೀವೊಂದು ದಿನ ಇದ್ದು ನೋಡಿ. ಆಗುವುದಿಲ್ಲವೋ, ಬಿಚ್ಚಿ. ಇವತ್ತೇ.