ದೊಡ್ಡಮ್ಮನೂ ಊರವರ ಪಂಚೆಗಳೂ

ನಮ್ಮ ದೊಡ್ಡಮ್ಮ ಯಾವ ಗಂಡಸನ್ನು ಕಂಡರೂ ಮೊದಲು ನೋಡುವುದು ಅವನ ಪಂಚೆಯನ್ನು! ತಪ್ಪು ತಿಳಿಯಬೇಡಿ. ಅರವತ್ತೆಂಟು ವರ್ಷದ, ಮೊಮ್ಮಕ್ಕಳನ್ನು ಕಂಡ, ಅಜ್ಜಂಪುರದ ತನ್ನ ಬೀದಿಯಲ್ಲೆಲ್ಲ ಮರ್ಯಾದಸ್ಥೆ ಎಂದು ಹೆಸರಾದ ಹೆಂಗಸು ಅವಳು. ಆ ಪಂಚೆ ಎಷ್ಟು ವರ್ಷದ್ದು, ಎಷ್ಟು ಒಗೆತ ಕಂಡಿದೆ, ನೂಲು ಮೆತ್ತಗಾಗಿದೆಯೇ, ಹರಿದರೆ ಎಷ್ಟು ಲಂಗೋಟಿ ಆದೀತು, ಇಷ್ಟೂ ಅಂದಾಜು ಎದುರಿನ ಮನುಷ್ಯ 'ಚೆನ್ನಾಗಿದೀರಾ' ಎಂದು ಕೇಳುವುದರೊಳಗೆ ಮುಗಿದಿರುತ್ತದೆ. ಒಳಗಿರುವ ಮನುಷ್ಯ ಅವಳ ಪಾಲಿಗೆ ಒಂದು ಅಡ್ಡಿ, ಅಷ್ಟೆ.

ಇದಕ್ಕೆಲ್ಲ ಕಾರಣ ನನ್ನ ಮಗಳು. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕಬಾರದು, ಬಾಳಿ ಬದುಕಿದ ಹಿರಿಯರು ಉಟ್ಟ ಹಳೆಯ ಬಟ್ಟೆಯಲ್ಲೇ ಸುತ್ತಬೇಕು ಎಂಬ ಪದ್ಧತಿ ನಮ್ಮ ಕಡೆ ಇದೆಯಷ್ಟೆ. ಬೇರೆಯವರು ಒಂದು ಹಳೆ ಸೀರೆ ಹರಿದು ಕೈತೊಳೆದುಕೊಳ್ಳುತ್ತಾರೆ. ದೊಡ್ಡಮ್ಮ ಬಿಡುತ್ತಾಳೆಯೇ? ಲಂಗೋಟಿಗೆ ಪಂಚೆಯೇ ಆಗಬೇಕು, ಉಟ್ಟವರ ಗುಣ ಮಗುವಿಗೆ ಅಂಟುವುದರಿಂದ ಉಟ್ಟವರೂ ಯೋಗ್ಯರಾಗಿರಬೇಕು. ಎಂಬತ್ತು ದಾಟಿರಬೇಕು, ಹೊಟ್ಟೆ ಶುದ್ಧವಾಗಿರಬೇಕು, ಹೆಂಡತಿಯ ಮೇಲೆ ಕೂಗಾಡಿರಬಾರದು. ನಮ್ಮ ಪಕ್ಕದ ಬೀದಿಯ ನಿವೃತ್ತ ಶಿರಸ್ತೇದಾರರು ಪಾಪ, ತಾವಾಗಿಯೇ ಎರಡು ಪಂಚೆ ಕಳಿಸಿದರೆ ಹಾಗೇ ವಾಪಸು ಹೋಯಿತು. "ಆ ಮನುಷ್ಯ ಒಂದು ಖಾತೆ ಬದಲಾವಣೆಗೆ ನಮ್ಮನ್ನ ಮೂರು ವರ್ಷ ಅಲೆಸಿದ್ದ. ಅವನ ಪಂಚೆ ಕಟ್ಟಿದ್ರೆ ಮಗು ಒಂದಕ್ಕೆ ಹೋಗೋಕೂ ನಾಳೆ ಬಾ ಅನ್ನುತ್ತೆ ಕಣೇ" ಎಂದಳು.

ನಾನು ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಅಮ್ಮ ತೀರಿಹೋಗಿ ಆರು ವರ್ಷವಾಯಿತು. ಹಾಗಾಗಿ ಅಮ್ಮನ ಅಕ್ಕನಾದ ಇವಳೇ ಬಾಣಂತನಕ್ಕೆ ಅಜ್ಜಂಪುರಕ್ಕೆ ಬಾ ಎಂದು ಕರೆದಳು. ನನ್ನ ಗ್ರಹಚಾರ, ಹೆರಿಗೆಯಾದ ವಾರಕ್ಕೇ ಮಗುವನ್ನು ಎತ್ತಿಕೊಂಡು ಬಂದೆ. ಬರುವಾಗ ಬುದ್ಧಿವಂತೆಯ ಹಾಗೆ ಡಯಾಪರ್ ಪ್ಯಾಕೆಟ್ಟುಗಳನ್ನು ಒಂದು ಚೀಲ ತುಂಬ ತಂದಿದ್ದೆ. ದೊಡ್ಡಮ್ಮ ಒಂದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕತ್ತರಿ ತಂದು ಅದರ ಹೊಟ್ಟೆ ಸೀಳಿ, ಒಳಗಿನ ಪುಡಿಯನ್ನು ಪಾತ್ರೆಗೆ ಸುರಿದು ಒಂದು ಚೊಂಬು ನೀರು ಹೊಯ್ದಳು. ಅದು ಉಬ್ಬಿತು. ಇನ್ನೊಂದು ಚೊಂಬು ಹೊಯ್ದಳು, ಇನ್ನೂ ಉಬ್ಬಿತು. ಆಮೇಲೆ ಅಕ್ಕಪಕ್ಕದವರನ್ನೆಲ್ಲ ಕರೆದು, ಪಟ್ಟಣದಲ್ಲಿ ಮಕ್ಕಳ ಕುಂಡಿಗೆ ಸಬ್ಬಕ್ಕಿ ಪಾಯಸ ಕಟ್ಟುತ್ತಾರಂತೆ ಎಂದು ಪ್ರದರ್ಶನಕ್ಕಿಟ್ಟಳು. ನನಗೆ ವಾದಿಸುವ ಮುಖವೂ ಇರಲಿಲ್ಲ. ಏಕೆಂದರೆ ಮಗುವಿನ ತೊಡೆ ಸಂದಿಯೆಲ್ಲ ಕೆಂಪಗೆ ಬೆಂದ ಹಾಗಾಗಿತ್ತು. ಬದಲಾಯಿಸಲು ಬೇಸರಪಟ್ಟು ಒಂದನ್ನೇ ಅರ್ಧ ದಿನ ಬಿಟ್ಟವಳು ನಾನೇ ತಾನೇ?

ಅಂದಿನಿಂದ ಶುರುವಾಯಿತು ನೋಡಿ ನನ್ನ ಪಾಡು. ದಿನಕ್ಕೆ ಮೂವತ್ತು ಲಂಗೋಟಿ! ಒದ್ದೆಯಾದ ಕ್ಷಣ ಬಿಚ್ಚಬೇಕು, ತಣ್ಣೀರಲ್ಲಿ ಜಾಲಿಸಬೇಕು, ಘಮಘಮ ಸೋಪು ಕೂಡದು, ಸೋಪಿನ ಜಿಡ್ಡು ಹೋಗುವ ತನಕ ಮೂರು ನೀರಲ್ಲಿ ಹಿಂಡಬೇಕು, ಬಿಸಿಲಲ್ಲೇ ಒಣಗಿಸಬೇಕು. ಮೋಡವಾದರೆ ಕೆಂಡದ ಮೇಲೆ ಬಿದಿರು ಬುಟ್ಟಿ ಮಗುಚಿ ಅದರ ಮೇಲೆ ಹರವಬೇಕು. ಮಗುವನ್ನು ದಿನಕ್ಕೆರಡು ಹೊತ್ತು ಕೊಬ್ಬರಿ ಎಣ್ಣೆ ಸವರಿ ಏನೂ ಕಟ್ಟದೆ ಗಾಳಿಗೆ ಬಿಡಬೇಕು. ಆ ಹೊತ್ತಿನಲ್ಲಿ ಅದು ಯಾರ ಮೇಲೆ ಏನು ಮಾಡಿದರೂ ಯಾರೂ ಮುಖ ಸಿಂಡರಿಸಕೂಡದು. ಪ್ಯಾಕೆಟ್ಟಿನದ್ದು ಆಸ್ಪತ್ರೆಗೆ ಇಂಜೆಕ್ಷನ್ನಿಗೆ ಹೋಗುವ ದಿನಕ್ಕೆ ಮಾತ್ರ ಎಂದು ರಾಜಿಯಾಯಿತು.

ಮಡಚುವ ಪಾಠ ಬೇರೆ. ಹತ್ತು ವರ್ಷದಿಂದ ಮಕ್ಕಳಿಗೆ ತ್ರಿಭುಜ ಹೇಳಿಕೊಟ್ಟವಳನ್ನು ಚಾಪೆಯ ಮೇಲೆ ಕೂರಿಸಿ ದೊಡ್ಡಮ್ಮ ತ್ರಿಭುಜ ಹೇಳಿಕೊಟ್ಟಳು. ಚೌಕದ ಬಟ್ಟೆಯನ್ನು ಮೂಲೆಗೆ ಮೂಲೆ ಸೇರಿಸಬೇಕು, ಹೆಣ್ಣುಮಗುವಾದರೆ ನಡುವೆ ಹಿಂಬದಿಗೆ ಒಂದು ದಪ್ಪ ಪಟ್ಟಿ ಇಡಬೇಕು, ಸೊಂಟದ ಗಂಟು ಹೊಕ್ಕುಳ ಕೆಳಗೆ ಬರಬೇಕು, ಗಂಟಿನೊಳಗೆ ಎರಡು ಬೆರಳು ಸಲೀಸಾಗಿ ಆಡಬೇಕು. ನಾನು ಕಟ್ಟಿದ್ದು ಎತ್ತಿಕೊಂಡ ಕೂಡಲೇ ಜಾರಿ ಬೀಳುತ್ತಿತ್ತು. ಒಂದು ವಾರ ಸತತವಾಗಿ ನಾಪಾಸಾದೆ. "ಇವಳು ಇಸ್ಕೂಲಲ್ಲಿ ಏನು ಹೇಳ್ಕೊಡ್ತಾಳೋ, ಆ ಮಕ್ಕಳ ಗತಿ ಏನೋ" ಎಂದು ದೊಡ್ಡಪ್ಪನ ಮುಂದೆ ನಿಟ್ಟುಸಿರಿಟ್ಟಳು. ಆದರೆ ಹದಿನೈದು ದಿನಕ್ಕೆ ಮಗುವಿನ ಚರ್ಮ ಮೊದಲಿನಂತಾಯಿತು. ಅದೇ ನನ್ನ ಹೊಟ್ಟೆಯುರಿ.

ದೊಡ್ಡಮ್ಮನದು ಇನ್ನೊಂದು ವಿಚಿತ್ರ. ಇಷ್ಟೆಲ್ಲ ಪಂಚೆ ಬೇಟೆಯಾಡಿದರೂ ಅವಳು ಅಜ್ಜಂಪುರ ಬಿಟ್ಟು ಕದಲುವವಳಲ್ಲ. ಎಲ್ಲ ಫೋನಿನಲ್ಲೇ. ಕಡೂರಿನಲ್ಲಿರುವ ನನ್ನ ಅತ್ತೆಗೆ, ತರೀಕೆರೆಯ ನೆಂಟರಿಗೆ ಅಪ್ಪಣೆ ಹೋಗುವುದು. ಅವರು ಗಂಟು ಕಟ್ಟಿ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುವುದು. ಅವನು ಮನೆ ಬಾಗಿಲಿಗೇ ತಂದುಕೊಟ್ಟು ಒಂದು ಲೋಟ ಮಜ್ಜಿಗೆ ಕುಡಿದು ಹೋಗುವುದು. ಹೀಗೆ ನಡೆದಿರಲಾಗಿ ಒಂದು ದಿನ ಅವನು ಬಸ್ಸಿನಲ್ಲಿ ವಾರಸುದಾರರಿಲ್ಲದ ಚೀಲವೊಂದನ್ನು ಕಂಡ. ಬಿಚ್ಚಿ ನೋಡಿದರೆ ಆರು ಹಳೆ ಪಂಚೆ. ಈ ಸೀಮೆಯಲ್ಲಿ ಹಳೆ ಪಂಚೆ ಹೋಗಿ ಸೇರುವ ಜಾಗ ಇನ್ಯಾವುದಿದೆ? ನೆಟ್ಟಗೆ ತಂದು ದೊಡ್ಡಮ್ಮನ ಕೈಗಿಟ್ಟ. ಅವಳು ಮುಟ್ಟಿ ನೋಡಿ, ಯಾರೋ ಪುಣ್ಯಾತ್ಮರದ್ದು, ಬೆಣ್ಣೆಯ ಹಾಗಿದೆ ಎಂದು ಮೆಚ್ಚಿ ಮಧ್ಯಾಹ್ನದೊಳಗೆ ಆರನ್ನೂ ಹರಿದು ಹಾಕಿದಳು.

ಸಂಜೆಗೆ ಪುಣ್ಯಾತ್ಮರೇ ಬಂದರು! ಚೌಳಹಿರಿಯೂರಿನ ಅಡುಗೆಯವರಂತೆ, ಮದುವೆಯೊಂದರ ಅಡುಗೆ ಮುಗಿಸಿ ಬರುವಾಗ ಚೀಲ ಬಸ್ಸಿನಲ್ಲಿ ಮರೆತಿದ್ದರು. ಮಾರನೆಯ ದಿನ ಇನ್ನೊಂದು ಮದುವೆಯ ಅಡುಗೆ, ಉಡಲು ಮೈಮೇಲಿದ್ದದ್ದೊಂದೇ ಪಂಚೆ. ಅಂಗಳದ ತಂತಿಯ ಮೇಲೆ ಇಪ್ಪತ್ತನಾಲ್ಕು ತುಂಡಾಗಿ ಹಾರಾಡುತ್ತಿದ್ದ ತಮ್ಮ ಆಸ್ತಿಯನ್ನು ಅವರು ಬೆರಳು ಮಡಚಿ ಎಣಿಸಿದರು. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ದೊಡ್ಡಮ್ಮ ಮಾತ್ರ ಒಂದು ಚೂರೂ ಅಳುಕದೆ ಒಳಗೆ ಹೋಗಿ, ದೊಡ್ಡಪ್ಪನ ಪಾಲಿಗೆ ಉಳಿದಿದ್ದ ಕೊನೆಯ ನಾಲ್ಕು ಪಂಚೆಗಳನ್ನು ತಂದು ಅವರ ಕೈಗಿಟ್ಟು, ಕಾಫಿ ಕೊಟ್ಟು, ಅವರಿಗೆಷ್ಟು ವಯಸ್ಸು, ಹೊಟ್ಟೆ ಹೇಗೆ ಎಂದು ವಿಚಾರಿಸಿ ಕಳಿಸಿದಳು. ದೊಡ್ಡಪ್ಪ ಎಪ್ಪತ್ತೆರಡರ ವಯಸ್ಸಿನಲ್ಲಿ ಜೀವಮಾನದಲ್ಲೇ ಮೊದಲ ಸಲ ಪೈಜಾಮ ತೊಟ್ಟರು. ಲಾಡಿ ಕಟ್ಟಲು ಬರುತ್ತಿರಲಿಲ್ಲ. ಎರಡು ದಿನ ಹೊರಗೆ ಬರಲಿಲ್ಲ.

ಇಲ್ಲಿಯ ತನಕ ನಿಮಗೆ ನಗು ಬಂದಿರಬಹುದು. ನನಗೆ ಬರುತ್ತಿರಲಿಲ್ಲ. ಶಾಲೆ ಶುರುವಾಗಲು ಹನ್ನೆರಡು ದಿನವಿತ್ತು. ರಜೆ ಮುಂದುವರಿಸಲು ಆಗುವುದಿಲ್ಲ ಎಂದು ಹೆಡ್ಮಾಸ್ಟರು ಫೋನ್ ಮಾಡಿ ಹೇಳಿಬಿಟ್ಟಿದ್ದರು. ನನ್ನವರು ಬೆಳಿಗ್ಗೆ ಏಳಕ್ಕೆ ಶಿವಮೊಗ್ಗಕ್ಕೆ ಕೆಲಸಕ್ಕೆ ಹೊರಟರೆ ಮನೆಗೆ ಬರುವುದು ಕತ್ತಲಾದ ಮೇಲೆ. ಅತ್ತೆಗೆ ಎರಡೂ ಮಂಡಿ ಆಪರೇಷನ್ ಆಗಿತ್ತು. ನೋಡಿಕೊಳ್ಳುತ್ತೇನೆ ಎಂದಿದ್ದ ಪಕ್ಕದ ಮನೆಯಾಕೆ ಗಾರ್ಮೆಂಟ್ಸ್‌ಗೆ ಸೇರಿಕೊಂಡಿದ್ದಳು. ನಾಲ್ಕು ತಿಂಗಳ ಕೂಸನ್ನು ಯಾರ ಕೈಗೆ ಕೊಡಲಿ? ಉಳಿದವಳು ದೊಡ್ಡಮ್ಮ ಒಬ್ಬಳೇ. ತರೀಕೆರೆಗೆ ಬಂದು ಆರು ತಿಂಗಳು ಇದ್ದರೆ ಸಾಕಿತ್ತು. ದೊಡ್ಡಪ್ಪನ ಊಟಕ್ಕೆ ಪಕ್ಕದ ಬೀದಿಯಲ್ಲಿ ಮಗ ಸೊಸೆ ಇದ್ದರು.

ಕೇಳಿದೆ. ತರೀಕೆರೆ ನೀರು ತನಗೆ ಆಗುವುದಿಲ್ಲ ಎಂದಳು. ಅಜ್ಜಂಪುರದ ನೀರನ್ನೇ ಕ್ಯಾನಿನಲ್ಲಿ ತರಿಸುತ್ತೇನೆ ಎಂದೆ. ಬಸ್ಸಿನ ಡೀಸೆಲ್ ವಾಸನೆಗೆ ತಲೆ ಸುತ್ತುತ್ತದೆ ಎಂದಳು. ಕಾರು ಮಾಡಿಸುತ್ತೇನೆ ಎಂದರೆ ಕಾರಿನಲ್ಲಿ ಇನ್ನೂ ಹೆಚ್ಚು ಸುತ್ತುತ್ತದೆಯಂತೆ. ಕೊನೆಗೆ, ಮನೆ ಬೆಕ್ಕು ಮರಿ ಹಾಕುವುದರಲ್ಲಿದೆ, ಅದನ್ನು ಬಿಟ್ಟು ಬಂದರೆ ಪಾಪ ಬರುತ್ತದೆ ಎಂದಳು. ಅದು ಗಂಡುಬೆಕ್ಕು ಎಂದು ದೊಡ್ಡಪ್ಪ ಮೆಲ್ಲಗೆ ಹೇಳಿದ್ದಕ್ಕೆ ಅವರಿಗೆ ಬೈಗುಳ ಬಿತ್ತು.

ನಾನು ರಾಜೀನಾಮೆ ಪತ್ರ ಬರೆದು ಪರ್ಸಿನಲ್ಲಿಟ್ಟುಕೊಂಡೆ. ಹಗಲೆಲ್ಲ ಲಂಗೋಟಿ ಹಿಂಡುತ್ತ ಅಳುತ್ತಿದ್ದೆ. ಬಕೆಟ್ಟಿನಲ್ಲಿ ಕಣ್ಣೀರು ಯಾವುದು, ನೀರು ಯಾವುದು ಎಂದು ಯಾರಿಗೆ ಗೊತ್ತಾಗಬೇಕು? ಒಂದು ದಿನ ತಡೆಯಲಾರದೆ ಬಾಯಿಬಿಟ್ಟೆ. "ಕಡೂರಲ್ಲಿ ನನ್ನ ಮದುವೆ ನಡೆದಾಗ, ಅಮ್ಮ ಇಲ್ಲದ ಮಗಳು ಅಂತಾನೂ ನೋಡ್ಲಿಲ್ಲ, ನೀನು ಬರ್ಲಿಲ್ಲ. ಇನ್ನು ಈಗ ಬರ್ತೀಯಾ? ನಿಂಗೆ ಯಾರೂ ಬೇಡ, ಪಂಚೆ ಇದ್ರೆ ಸಾಕು" ಎಂದುಬಿಟ್ಟೆ. ದೊಡ್ಡಮ್ಮ ಎದ್ದು ಬಚ್ಚಲೊಲೆಯ ಮುಂದೆ ಹೋಗಿ ಕೂತಳು.

ಮಾರನೆಯ ಬೆಳಿಗ್ಗೆ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಮಗುವನ್ನು ಗಾಳಿಗೆ ಬಿಡುವ ಹೊತ್ತು. ದೊಡ್ಡಪ್ಪ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಪೇಪರು ಓದುತ್ತಿದ್ದರು. ಮಗು ತನ್ನ ಕೆಲಸ ಮಾಡಿತು. ಅವರು ಗಾಬರಿಯಿಂದ ಮಗುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಎದ್ದು ನಿಂತರು. ಲಾಡಿ ಬಿಚ್ಚಿತು! ಮಗುವನ್ನು ಹಿಡಿಯಬೇಕೋ ಪೈಜಾಮವನ್ನೋ? ಪಾಪ, ಅವರು ಮಗುವನ್ನೇ ಹಿಡಿದರು. ಕೆಳಗೆ ಪಟ್ಟೆಪಟ್ಟೆ ಚಡ್ಡಿ. ಮಾತು ಬಿಟ್ಟಿದ್ದನ್ನು ಮರೆತು ನಾನು ಬಿದ್ದು ಬಿದ್ದು ನಕ್ಕೆ. ದೊಡ್ಡಮ್ಮ ಗೋಡೆಗೊರಗಿ ನಗುತ್ತ ನಗುತ್ತ ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಒಂದು ಕೈ ಗೋಡೆಯ ಮೇಲೆ, ಮೊಣಕಾಲುಗಳು ಬಿಗಿಯಾಗಿ ಒಂದಕ್ಕೊಂದು ಒತ್ತಿಕೊಂಡು, ಮುಖದಲ್ಲಿ ರಕ್ತವೇ ಇಲ್ಲ. ಹಾಗೇ ಗೋಡೆ ಹಿಡಿದುಕೊಂಡು ಬಚ್ಚಲಿಗೆ ನಡೆದಳು.

ಆ ಮುಖ ನನಗೆ ಗೊತ್ತಿತ್ತು. ಹೆತ್ತ ಮೇಲೆ ಎರಡು ತಿಂಗಳು, ಕೆಮ್ಮಿದರೆ ಸೀನಿದರೆ ನನಗೂ ಅದೇ ಆಗುತ್ತಿತ್ತು. ಮಗುವಿನ ಇಂಜೆಕ್ಷನ್ನಿಗೆ ತರೀಕೆರೆಗೆ ಹೋದಾಗ ಡಾಕ್ಟರಿಗೆ ಹೇಳಿದ್ದು ಬಿಟ್ಟರೆ ನಾನೂ ಯಾರಿಗೂ ಹೇಳಿರಲಿಲ್ಲ. ಅಂಗಳದ ತಂತಿಯತ್ತ ನೋಡಿದೆ. ಮಗುವಿನ ಕೌದಿಯ ಮರೆಯಲ್ಲಿ, ಕಪ್ಪು ಸೀರೆಯ ದಪ್ಪ ದಪ್ಪ ತುಂಡುಗಳು ದಿನವೂ ಒಣಗುತ್ತಿದ್ದವು. ಮಸಿಬಟ್ಟೆ ಎನ್ನುತ್ತಿದ್ದಳು. ಗ್ಯಾಸಿನ ಒಲೆ ಇರುವ ಇಬ್ಬರ ಸಂಸಾರಕ್ಕೆ ದಿನಕ್ಕೆ ಆರೇಳು ಮಸಿಬಟ್ಟೆ ಯಾಕೆ ಎಂದು, ಲೆಕ್ಕದ ಟೀಚರಾದ ನಾನು ನಾಲ್ಕು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಬಚ್ಚಲಿನ ಬಾಗಿಲ ಹೊರಗೆ ನಿಂತು, ಎಷ್ಟು ವರ್ಷದಿಂದ ಎಂದು ಕೇಳಿದೆ. ಒಳಗೆ ನೀರು ಹೊಯ್ಯುವ ಸದ್ದು ನಿಂತಿತು.

"ಎರಡನೇ ಹೆರಿಗೆಯಿಂದ ಇತ್ತು ಕಣೇ, ಸ್ವಲ್ಪ ಸ್ವಲ್ಪ. ಈ ಹತ್ತು ವರ್ಷದಿಂದ ತಡಿಯೋಕೇ ಆಗ್ತಿಲ್ಲ. ಬಸ್ಸು ಒಂದು ಸಲ ಕುಲುಕಿದ್ರೆ ಮುಗಿದುಹೋಯ್ತು."

"ನಂಗೂ ಆಗ್ತಿತ್ತು ದೊಡ್ಡಮ್ಮ."

ಬಾಗಿಲು ತೆರೆಯಿತು. "ನಿಂಗೂನಾ? ಮತ್ತೆ ಹೇಳ್ಲೇ ಇಲ್ಲ?"

"ನೀನು ಹೇಳಿದ್ಯಾ?"

ಆಗ ಹೇಳಿದಳು. ದೊಡ್ಡಪ್ಪನಿಗೂ ಹೇಳಿಲ್ಲವಂತೆ. ಮೆಡಿಕಲ್ ಶಾಪಿನಲ್ಲಿ ಇಂಥದಕ್ಕೆ ಏನೋ ಸಿಗುತ್ತದೆ ಎಂದು ಗೊತ್ತಿತ್ತಂತೆ, ಆದರೆ ಅಂಗಡಿಯವನು ಪರಿಚಯದವನು, ಹೇಗೆ ಕೇಳುವುದು? ಹತ್ತಿರದ ಅಂತರಘಟ್ಟೆಯ ಗುಡಿಗೂ ಹೋಗದೆ ಎಂಟು ವರ್ಷವಾಯಿತಂತೆ, ದೇವರ ಮುಂದೆ ಹಾಗಾದರೆ ಎಂಬ ಭಯ. ಕೊನೆಯ ಮಾತು ಮಾತ್ರ ನನ್ನ ಮುಖ ನೋಡದೆ ಹೇಳಿದಳು. "ನಿನ್ನ ಮದುವೆ ದಿನ ಹೊಸ ಸೀರೆ ಉಟ್ಕೊಂಡು ಬಸ್‌ಸ್ಟ್ಯಾಂಡ್ ತನಕ ಬಂದಿದ್ದೆ ಕಣೇ. ಅಲ್ಲೇ ಒದ್ದೆ ಆಗೋಯ್ತು. ತಲೆನೋವು ಅಂತ ಸುಳ್ಳು ಹೇಳ್ಕೊಂಡು ವಾಪಸ್ ಬಂದೆ."

ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಹಿಂದಿನ ದಿನ ಆಡಿದ ಮಾತನ್ನು ಎಲ್ಲಿಗೆ ವಾಪಸು ತೆಗೆದುಕೊಳ್ಳಲಿ? ತರೀಕೆರೆಯಲ್ಲಿ ಒಳ್ಳೆಯ ಲೇಡಿ ಡಾಕ್ಟರ್ ಇದ್ದಾರೆ, ನನಗೆ ಅವರು ಹೇಳಿಕೊಟ್ಟ ವ್ಯಾಯಾಮದಿಂದಲೇ ವಾಸಿಯಾಯಿತು, ಇಬ್ಬರೂ ಹೋಗೋಣ ಎಂದೆ. ಆ ಮಧ್ಯಾಹ್ನ ಇದ್ದದ್ದರಲ್ಲೇ ಮೆತ್ತನೆಯ ಪಂಚೆಯನ್ನು ಹರಿದೆ. ಅವಳ ಅಳತೆಗೆ, ನಡುವೆ ಐದು ಪದರದ ಪಟ್ಟಿ, ಅದರಡಿ ಮಗುವಿನ ರಬ್ಬರ್ ಶೀಟಿನ ತುಂಡು, ಸೊಂಟಕ್ಕೆ ಮೆತ್ತನೆಯ ದಾರ ಇಟ್ಟು ಹೊಲಿದೆ. ಆರು ಮಾಡಿದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಪರೀಕ್ಷಿಸಿ, ನನ್ನ ಹೊಲಿಗೆ ಕಾಗೆ ಗೀಚಿದಂತಿದೆ ಎಂದು ಬೈದು, ಅಷ್ಟನ್ನೂ ಬಿಚ್ಚಿ ತಾನೇ ಹೊಲಿದುಕೊಂಡಳು. ನಾನು ಪರ್ಸಿನಲ್ಲಿದ್ದ ಪತ್ರವನ್ನು ಹರಿದು ಬಚ್ಚಲೊಲೆಗೆ ಹಾಕಿದೆ.

ಶಾಲೆ ಶುರುವಾಗುವ ಹಿಂದಿನ ದಿನ ಹೊರಟೆವು. ಕಾರು ಬೇಡ, ಬಸ್ಸಿನಲ್ಲೇ ಹೋಗೋಣ ಎಂದು ಹಟ ಹಿಡಿದವಳು ಅವಳೇ. ಕಿಟಕಿ ಪಕ್ಕ ಕೂತು ಮಗುವನ್ನು ಮಡಿಲಲ್ಲಿಟ್ಟುಕೊಂಡಳು. ಮೊದಲ ಹಂಪ್ ಬಂದಾಗ ಕಣ್ಣು ಮುಚ್ಚಿ ನನ್ನ ಕೈಯನ್ನು ನೋಯುವಷ್ಟು ಹಿಡಿದಳು. ಎರಡನೆಯದಕ್ಕೂ ಹಿಡಿದಳು. ಆಮೇಲೆ ಬಿಟ್ಟಳು.

ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ದೊಡ್ಡಮ್ಮ ಏಳಲಿಲ್ಲ. ಬ್ಯಾಗಿನಿಂದ ಟವೆಲ್ ತೆಗೆದು, ಬಗ್ಗಿ, ಏನಾಯಿತು ಎಂದು ಕಿವಿಯಲ್ಲಿ ಕೇಳಿದೆ. ಅವಳಿಗೆ ನನ್ನ ಮಾತೇ ಕೇಳಿಸಲಿಲ್ಲ. ಕಿಟಕಿಯಾಚೆ ನಿಂತಿದ್ದ ಇನ್ನೊಂದು ಬಸ್ಸಿನ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದಳು.

"ಕೆಮ್ಮಣ್ಣುಗುಂಡಿಗೆ ಇದು ಎಷ್ಟೊತ್ತಿಗೆ ಹೊರಡುತ್ತೆ ಕೇಳು ಕಣೇ" ಎಂದಳು.